ಹೊಸ ಏರ್ ಇನ್‌ಟೇಕ್ ಕೊಳ್ಳುವ ಮುಂಚೆ ಒಮ್ಮೆ ಬಾನೆಟ್ ಎತ್ತಿ ನೋಡಿ

ಸ್ಪೋರ್ಟ್ಸ್ ಕಾರು ಕೈಗೆ ಬಂದರೆ ತುಂಬಾ ಜನ ಮೊದಲು ಕೈ ಹಾಕುವುದು ಎಂಜಿನ್‌ಗೆ ಗಾಳಿ ತರುವ ಪೈಪ್-ಫಿಲ್ಟರ್ ಜೋಡಣೆಗೆ, ಅಂದರೆ ಏರ್ ಇನ್‌ಟೇಕ್‌ಗೆ. ಬಿಚ್ಚುವುದು ಸುಲಭ, ಸದ್ದು ತಕ್ಷಣ ಬದಲಾಗುತ್ತದೆ. ನಾನೂ ಹಾಗೇ ಒಂದು ಕೋನ್ ಫಿಲ್ಟರ್ ಕಿಟ್ ಹಾಕಿಸಿದ್ದೆ. ಸದ್ದು ಕೇಳಿ ಖುಷಿಯಾಯಿತು. ಆದರೆ ಟ್ರಾಫಿಕ್‌ನಲ್ಲಿ ಸ್ವಲ್ಪ ಹೊತ್ತು ನಿಂತು ಹೊರಟರೆ ಕಾರು ಮೊದಲಿಗಿಂತ ಮಂದ.

ಯಾಕೆಂದರೆ ಆ ಫಿಲ್ಟರ್ ಎಂಜಿನ್ ಪಕ್ಕದಲ್ಲೇ ತೆರೆದುಕೊಂಡು ಕೂತಿತ್ತು, ಎಳೆಯುತ್ತಿದ್ದದ್ದೆಲ್ಲ ಬಾನೆಟ್ ಒಳಗಿನ ಕಾದ ಗಾಳಿ. ಬಿಸಿಯಾದ ಗಾಳಿ ಹಿಗ್ಗುತ್ತದೆ, ಅಷ್ಟೇ ಜಾಗದಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. 30 ಡಿಗ್ರಿ ಸೆಲ್ಸಿಯಸ್ ಗಾಳಿ 60ಕ್ಕೆ ಏರಿದರೆ ಸಾಂದ್ರತೆ ಸುಮಾರು ಶೇ. 9ರಷ್ಟು ಇಳಿಯುತ್ತದೆ. ಸಾಲದ್ದಕ್ಕೆ, ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ತಾನಾಗಿ ಹತ್ತಿಕೊಂಡು ಬಡಿಯುವುದು) ಆಗದಿರಲಿ ಎಂದು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಇಗ್ನಿಷನ್ ಟೈಮಿಂಗನ್ನೂ (ಕಿಡಿ ಹೊತ್ತಿಸುವ ಸಮಯ) ತಡ ಮಾಡುತ್ತದೆ. ಕಿಟ್‌ನಿಂದ ಬಂದ ಚೂರುಪಾರು ಪವರ್ ಅಲ್ಲೇ ಹೋಯಿತು ಅಲ್ವಾ?

ಹಾಗಾಗಿ ಬಾನೆಟ್ ಎತ್ತಿ ನಿಮ್ಮ ಕಾರಿನ ಜೊತೆಗೇ ಬಂದ, ಫಿಲ್ಟರ್ ಇರುವ ಹಳೆಯ ಏರ್‌ಬಾಕ್ಸ್ ಎಲ್ಲಿಂದ ಗಾಳಿ ಎಳೆಯುತ್ತಿದೆ ನೋಡಿ. ಎಷ್ಟೋ ಕಾರುಗಳಲ್ಲಿ ಅದು ಮುಂದಿನ ಗ್ರಿಲ್‌ನಿಂದಲೋ ಫೆಂಡರ್ ಒಳಗಿನಿಂದಲೋ ತಣ್ಣನೆ ಗಾಳಿಯನ್ನೇ ತರುತ್ತಿರುತ್ತದೆ. ಹೊಸದು ಅದಕ್ಕಿಂತ ಒಳ್ಳೆಯದಾಗಬೇಕಾದರೆ ಫಿಲ್ಟರ್ ಮುಚ್ಚಿದ ಬಾಕ್ಸ್‌ನಲ್ಲಿರಬೇಕು, ಬಾನೆಟ್ ಹಾಕಿದಾಗ ರಬ್ಬರ್ ಸೀಲ್ ಸುತ್ತಲೂ ಒತ್ತಿ ಕೂರಬೇಕು. ತಣ್ಣನೆ ಗಾಳಿಯ ಆಸೆಗೆ ಫಿಲ್ಟರನ್ನು ಬಂಪರ್ ತಳಕ್ಕೆ ಇಳಿಸುವ ಕಿಟ್‌ಗಳೂ ಇವೆ. ರಸ್ತೆಯಲ್ಲಿ ನೀರು ನಿಲ್ಲುವ ಕಡೆ ಓಡಾಡುವವರು ದಯವಿಟ್ಟು ಅದನ್ನು ಬಿಡಿ. ಸಿಲಿಂಡರ್ ಒಳಗೆ ನೀರು ಹೋದರೆ ಪಿಸ್ಟನ್‌ಗೆ ಅದನ್ನು ಅದುಮಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಬಿಚ್ಚುವ ಕೆಲಸವೇ ಬೀಳುತ್ತದೆ.

ಇನ್ನೊಂದು ವಿಷಯ ಎಂಎಎಫ್ ಸೆನ್ಸರ್. ಒಳಗೆ ಬರುವ ಗಾಳಿ ಎಷ್ಟು ಎಂದು ಅಳೆಯುವುದು ಇದೇ, ಮತ್ತು ಅದರ ಲೆಕ್ಕ ಹಳೆಯ ಪೈಪಿನ ಅಳತೆಗೆ ಕೂಡಿಸಿದ್ದು. ಸೆನ್ಸರ್ ಇರುವ ಜಾಗದಲ್ಲಿ 70 ಮಿ.ಮೀ. ಪೈಪ್ ತೆಗೆದು 76 ಮಿ.ಮೀ. ಹಾಕಿದಿರಿ ಅಂದುಕೊಳ್ಳಿ. ಅಡ್ಡಗಲ 6 ಮಿ.ಮೀ. ಮಾತ್ರ ಹೆಚ್ಚಿತು, ಆದರೆ ಗಾಳಿ ಹೋಗುವ ದಾರಿ ಸುಮಾರು ಶೇ. 18ರಷ್ಟು ದೊಡ್ಡದಾಯಿತು, ಗಾಳಿ ಅಲ್ಲಿ ನಿಧಾನವಾಯಿತು, ಸೆನ್ಸರ್ ಗಾಳಿ ಕಡಿಮೆ ಇದೆ ಎಂದುಕೊಂಡಿತು, ಇಸಿಯು ಪೆಟ್ರೋಲ್ ಕಡಿಮೆ ಕೊಟ್ಟಿತು. ಮಿಶ್ರಣ ಲೀನ್, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಕೊನೆಗೆ ಚೆಕ್ ಎಂಜಿನ್ ದೀಪ, ಮಿಶ್ರಣ ಲೀನ್ ಎಂದು ಹೇಳುವ ಪಿ0171 ಕೋಡ್. ಟ್ಯೂನ್ (ಇಸಿಯು ಲೆಕ್ಕವನ್ನು ಹೊಸದಕ್ಕೆ ಹೊಂದಿಸುವುದು) ಮಾಡಿಸುವ ಯೋಚನೆ ಇಲ್ಲದಿದ್ದರೆ ಸೆನ್ಸರ್ ಕೂರುವ ಭಾಗದ ಅಳತೆ ಹಳೆಯದಷ್ಟೇ ಇರುವ ಕಿಟ್ ತೆಗೆದುಕೊಳ್ಳಿ. ಎಂಎಎಫ್ ಬದಲು ಗಾಳಿಯ ಒತ್ತಡ ಅಳೆಯುವ ಎಂಎಪಿ ಸೆನ್ಸರ್ ನಂಬಿ ನಡೆಯುವ ಕಾರಾದರೆ ಈ ತಲೆನೋವು ಕಡಿಮೆ.

ಫಿಲ್ಟರ್ ವಿಷಯಕ್ಕೆ ಬಂದರೆ, ಎಣ್ಣೆ ಹಚ್ಚುವ ಹತ್ತಿ ಫಿಲ್ಟರನ್ನು ತೊಳೆದು ಮತ್ತೆ ಬಳಸಬಹುದು. ಆದರೆ ಎಣ್ಣೆ ಜಾಸ್ತಿಯಾದರೆ ಅದು ಸೆನ್ಸರ್ ತಂತಿಗೆ ಅಂಟಿಕೊಂಡು ರೀಡಿಂಗ್ ಕೆಡಿಸಬಹುದು. ಎಣ್ಣೆ ಬೇಡದ ಡ್ರೈ ಫಿಲ್ಟರ್ ನನಗೆ ಇಷ್ಟ. ಯಾವುದೇ ಇರಲಿ, ಏರ್ ಫಿಲ್ಟರ್‌ಗಳ ಐಎಸ್ಒ 5011 ಪರೀಕ್ಷೆಯಲ್ಲಿ ಎಷ್ಟು ಧೂಳು ತಡೆಯಿತು ಎಂಬ ಅಂಕಿ ಕೇಳಿ. ಗಾಳಿ ಸಲೀಸಾಗಿ ಬಿಡುತ್ತದೆ ಎಂದು ಧೂಳನ್ನೂ ಬಿಟ್ಟರೆ ಸವೆಯುವುದು ಸಿಲಿಂಡರ್. ಪೈಪ್ ಕಾರ್ಬನ್ ಫೈಬರ್‌ದೋ ಅಲ್ಯುಮಿನಿಯಂದೋ ಎಂದು ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಕಾರು ಓಡುವಾಗ ಗಾಳಿ ಅದರೊಳಗೆ ಬಿಸಿಯಾಗುವಷ್ಟು ಹೊತ್ತು ನಿಲ್ಲುವುದಿಲ್ಲ.

ಮಾರುವವರು ತೋರಿಸುವ ಡೈನೋ (ಪವರ್ ಅಳೆಯುವ ಯಂತ್ರ) ಚಾರ್ಟನ್ನು ಬಾನೆಟ್ ತೆರೆದಿಟ್ಟು, ಮುಂದೆ ದೊಡ್ಡ ಫ್ಯಾನ್ ಇಟ್ಟು ತೆಗೆದಿರಬಹುದು. ರಸ್ತೆಯಲ್ಲಿ ಆ ಸ್ಥಿತಿ ಇರುವುದಿಲ್ಲ. ಟರ್ಬೊ ಇಲ್ಲದ ಕಾರಿನಲ್ಲಿ ಬರೀ ಇನ್‌ಟೇಕ್‌ನಿಂದ ಸಿಗುವುದು ಕೆಲವೇ ಹಾರ್ಸ್‌ಪವರ್. ಟರ್ಬೊ ಕಾರಿನಲ್ಲಿ ಲಾಭ ಹೆಚ್ಚು, ಅದೂ ಟ್ಯೂನ್ ಜೊತೆಗೆ ಮಾಡಿಸಿದಾಗ. ಸದ್ದಿಗಾಗಿಯೇ ಹಾಕಿಸುತ್ತೀರಾ? ಅದೂ ಸರಿ, ಆದರೆ ಸದ್ದನ್ನು ಪವರ್ ಎಂದು ನಂಬಿ ದುಡ್ಡು ಕೊಡಬೇಡಿ.

ಹಾಕಿಸುವ ಮುಂಚೆ ಕಾರಿನ ಸೆನ್ಸರ್ ಮಾಹಿತಿ ಓದುವ ಒಂದು ಒಬಿಡಿ ಡಾಂಗಲ್ ಚುಚ್ಚಿ ದಿನಾ ಹೋಗುವ ದಾರಿಯಲ್ಲೇ ಇನ್‌ಟೇಕ್ ಗಾಳಿಯ ಉಷ್ಣತೆ ಮತ್ತು ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಬರೆದಿಟ್ಟುಕೊಳ್ಳಿ. ಹಾಕಿಸಿದ ಮೇಲೆ ಅದೇ ದಾರಿಯಲ್ಲಿ ಮತ್ತೆ ನೋಡಿ. ಲಾಂಗ್ ಟರ್ಮ್ ಟ್ರಿಮ್ (ಅದರ ದೀರ್ಘಕಾಲದ ಅಂಕಿ) ಶೇ. +10 ದಾಟಿದರೆ ಕ್ಲಾಂಪ್ ಸಡಿಲವಾಗಿದೆಯೋ, ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ತರುವ ಬ್ರೀದರ್ ಪೈಪ್ ಸರಿಯಾಗಿ ಕೂತಿಲ್ಲವೋ ಎಂದು ಮೊದಲು ಪರೀಕ್ಷಿಸಿ. ಹಳೆಯ ಏರ್‌ಬಾಕ್ಸನ್ನು ಬೋಲ್ಟು, ಕ್ಲಿಪ್ಪು ಸಮೇತ ಎತ್ತಿಡಿ. ವಾರಂಟಿ ವಿಚಾರ ಬಂದರೂ, ಕಾರು ಮಾರುವಾಗಲೂ ಅದು ಬೇಕಾಗುತ್ತದೆ.