ಮೀಲ್‌ವರ್ಮ್ ಲಾರ್ವಾದ ಬ್ಯಾಕ್ಟೀರಿಯಾ ನಾಶಕ ಪೆಪ್ಟೈಡ್: ತಟ್ಟೆಯ ಮೇಲೆ ಪತ್ತೆ ಮಾಡುವ ಕ್ರಮ

ಬ್ಯಾಕ್ಟೀರಿಯಾ ಬೆರೆಸಿದ ಅಗರೋಸ್ (ಅಗರ್‌ನಿಂದ ಶುದ್ಧೀಕರಿಸಿದ ಜೆಲ್) ತಟ್ಟೆಯಲ್ಲಿ, ಮಾದರಿ ತುಂಬಿದ ಪುಟ್ಟ ಬಾವಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿ ವಲಯ ಕಂಡ ಮಾತ್ರಕ್ಕೆ ಪೆಪ್ಟೈಡ್ (ಅಮೈನೊ ಆಮ್ಲಗಳ ಚಿಕ್ಕ ಸರಪಳಿ) ಸಿಕ್ಕಿತು ಅನ್ನಲಾಗದು. ಆಮ್ಲ, ಇಡಿಟಿಎ (ಲೋಹದ ಅಯಾನು ಹಿಡಿಯುವ ರಾಸಾಯನಿಕ), ಲೈಸೋಜೈಮ್ (ಬ್ಯಾಕ್ಟೀರಿಯಾದ ಗೋಡೆ ಕತ್ತರಿಸುವ ಕಿಣ್ವ) ಇವೆಲ್ಲ ಅಂಥದೇ ವಲಯ ಮೂಡಿಸಬಲ್ಲವು. ಈ ಪ್ರಯೋಗದ ಅರ್ಧ ಶ್ರಮ ಅವನ್ನು ಹೊರಗಿಡುವುದಕ್ಕೇ ಹೋಗುತ್ತದೆ.

ಟೆನೆಬ್ರಿಯೊ ಮೊಲಿಟರ್ ಜೀರುಂಡೆಯ ಲಾರ್ವಾ, ಅಂದರೆ ಮೀಲ್‌ವರ್ಮ್, ಇದಕ್ಕೆ ಅನುಕೂಲ. ಅದರ ಟೆನೆಸಿನ್ 1 ಎಂಬುದು 43 ಅಮೈನೊ ಆಮ್ಲಗಳ ಡಿಫೆನ್ಸಿನ್ (ಸೂಕ್ಷ್ಮಾಣು ಕೊಲ್ಲುವ ಪೆಪ್ಟೈಡುಗಳ ಒಂದು ಬಗೆ). ಮುಖ್ಯವಾಗಿ ಗ್ರಾಮ್ ಪಾಸಿಟಿವ್ (ಹೊರಪೊರೆಯಿಲ್ಲದ) ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಟೆನೆಸಿನ್ 2 ಗ್ರಾಮ್ ನೆಗೆಟಿವ್ (ಹೊರಪೊರೆಯಿರುವ) ಬ್ಯಾಕ್ಟೀರಿಯಾದ ಮೇಲೆ, ಟೆನೆಸಿನ್ 3 ಶಿಲೀಂಧ್ರದ ಮೇಲೆ. ಹಾಗಾಗಿ ಒಂದೇ ಬ್ಯಾಕ್ಟೀರಿಯಾದ ತಟ್ಟೆ ಸಾಲದು, ಇ. ಕೋಲಿ ಕೆ-12 (ಗ್ರಾಮ್ ನೆಗೆಟಿವ್) ಮತ್ತು ಮೈಕ್ರೊಕಾಕಸ್ ಲೂಟಿಯಸ್ (ಗ್ರಾಮ್ ಪಾಸಿಟಿವ್) ಎರಡನ್ನೂ ಇಟ್ಟುಕೊಳ್ಳಿ.

100ರಿಂದ 150 ಮಿಲಿಗ್ರಾಂ ತೂಗುವ, ಚುರುಕಾದ ಲಾರ್ವಾಗಳನ್ನು ಆರಿಸಿ. ಆಗಷ್ಟೇ ಪೊರೆ ಕಳಚಿದ ಬಿಳಿ ಹುಳು ಬೇಡ, ಸೂಜಿ ತಾಗಿದರೆ ರಸ (ಹೀಮೋಲಿಂಫ್, ಅಂದರೆ ಹುಳುವಿನ ರಕ್ತ) ಸೋರಿಬಿಡುತ್ತದೆ. 'ಸಿ' ಆಕಾರಕ್ಕೆ ಬಾಗಿ ಕೋಶಾವಸ್ಥೆಗೆ ತಯಾರಾದವೂ ಬೇಡ. ಇಪ್ಪತ್ತರಂತೆ ಮೂರು ಗುಂಪು ಮಾಡಿ: ಬ್ಯಾಕ್ಟೀರಿಯಾ ಚುಚ್ಚಿದವು, ಬರೀ ಲವಣದ್ರಾವಣ ಚುಚ್ಚಿದವು, ಏನೂ ಮಾಡದವು. ನಡುವಿನ ಗುಂಪನ್ನು ಬಿಡಲೇಬಾರದು, ಏಕೆಂದರೆ ಬರೀ ಗಾಯವೂ ರೋಗನಿರೋಧಕ ಪ್ರತಿಕ್ರಿಯೆಯನ್ನು ಸ್ವಲ್ಪ ಎಬ್ಬಿಸುತ್ತದೆ.

ಹುಳುಗಳನ್ನು 10 ನಿಮಿಷ ಮಂಜುಗಡ್ಡೆಯ ಮೇಲಿಟ್ಟು ಜಡಗೊಳಿಸಿ. ಶಾಖದಿಂದ ಕೊಂದು, ತೊಳೆದ ಇ. ಕೋಲಿಯನ್ನು, 5 ಮೈಕ್ರೋಲೀಟರಿನಲ್ಲಿ ಸುಮಾರು ಹತ್ತು ಲಕ್ಷ ಕೋಶ ಬರುವಂತೆ, ಎಳೆದ ಗಾಜಿನ ಸೂಜಿಯಿಂದ ಹೊಟ್ಟೆಯ ಎರಡು ಫಲಕಗಳ ನಡುವಿನ ತೆಳುಪೊರೆಯಲ್ಲಿ ಚುಚ್ಚಿ. ಸೂಜಿಯನ್ನು ಓರೆಯಾಗಿ ಹಿಡಿದು ತುದಿಯಷ್ಟನ್ನೇ ಒಳಗಿಡಿ. ನೇರವಾಗಿ ಇಳಿಸಿದರೆ ಕರುಳು ತೂತಾಗಿ ಅದರ ಬ್ಯಾಕ್ಟೀರಿಯಾ ಬೆರೆಯುತ್ತದೆ. ಅಂಥ ಹುಳು ಲೆಕ್ಕಕ್ಕಿಲ್ಲ.

ರಸ ತೆಗೆಯಲು ಅವಸರ ಬೇಡ. ಒಳಹೊಕ್ಕ ಬ್ಯಾಕ್ಟೀರಿಯಾದ ಬಹುಪಾಲನ್ನು ಮೊದಲ ಗಂಟೆಯೊಳಗೆ ರಕ್ತಕಣಗಳು ಮತ್ತು ಫೀನಾಲ್‌ಆಕ್ಸಿಡೇಸ್ (ರಸವನ್ನು ಕಪ್ಪಾಗಿಸುವ ಕಿಣ್ವ) ಮುಗಿಸಿಬಿಡುತ್ತವೆ. ಕೊಬ್ಬಿನಂಗ (ಕೀಟದಲ್ಲಿ ಯಕೃತ್ತಿನಂಥ ಅಂಗ) ಪೆಪ್ಟೈಡ್ ತಯಾರಿಸಿ ಸುರಿಸುವುದು ಆಮೇಲಿನ ಕೆಲಸ, ಉಳಿದುಹೋದವನ್ನು ಗುಡಿಸಲು. 26 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು 24 ಗಂಟೆಯ ನಂತರ ತೆಗೆಯಿರಿ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಹೊರಬಿದ್ದ ಹೀಮೋಲಿಂಫ್ ಕೆಲವೇ ನಿಮಿಷದಲ್ಲಿ ಕಂದಾಗಿ ಕಪ್ಪಾಗುತ್ತದೆ. ಕಪ್ಪಾದ ರಸವನ್ನು ಚೆಲ್ಲಿ, ಅದರಿಂದ ಬರುವ ಅಳತೆ ನಂಬಿಕೆಗೆ ಅರ್ಹವಲ್ಲ. ರಕ್ತಕಣ ಎಣಿಸುವವರು ಬಳಸುವ ಸಿಟ್ರೇಟ್–ಇಡಿಟಿಎ ದ್ರಾವಣವನ್ನು ಇಲ್ಲಿಗೆ ತರಬೇಡಿ: ಇಡಿಟಿಎ ಇ. ಕೋಲಿಯ ಹೊರಪೊರೆ ಸಡಿಲಿಸುತ್ತದೆ, ಆ ಸಂದಿಯಲ್ಲಿ ಲೈಸೋಜೈಮ್ ನುಗ್ಗುತ್ತದೆ, ಪೆಪ್ಟೈಡ್ ಇಲ್ಲದೆಯೇ ವಲಯ ಮೂಡುತ್ತದೆ. ಬದಲಿಗೆ ಪಾಲಿಪ್ರೊಪಿಲೀನ್ ಕೊಳವೆಯಲ್ಲಿ 100 ಮೈಕ್ರೋಲೀಟರ್ 0.1% ಟ್ರೈಫ್ಲೋರೊಅಸೆಟಿಕ್ ಆಮ್ಲ, ಜೊತೆಗೆ ಕಪ್ಪಾಗುವುದನ್ನು ತಡೆಯುವ ಫೀನೈಲ್‌ಥಯೋಯೂರಿಯಾದ ಒಂದೆರಡು ಹರಳು ಹಾಕಿ ಮಂಜುಗಡ್ಡೆಯಲ್ಲಿಡಿ (ಆ ಹರಳು ವಿಷ, ಕೈಗವಸು ಬೇಕು). ತಲೆಯ ಹಿಂದಿನ ಪೊರೆ ಚುಚ್ಚಿ, ಉಬ್ಬಿದ ಹನಿಯನ್ನು ತಕ್ಷಣ ಕ್ಯಾಪಿಲರಿಯಲ್ಲಿ ಹೀರಿ ಆಮ್ಲಕ್ಕೆ ಬಿಡಿ. ಹುಳುವಿಗೆ 5 ಮೈಕ್ರೋಲೀಟರ್ ಸಾಕು. ಹಿಂಡಿದರೆ ಕೊಬ್ಬು ಬಂದು ರಸ ಹಾಲಿನಂತಾಗುತ್ತದೆ.

ಸೆಂಟ್ರಿಫ್ಯೂಜ್‌ನಲ್ಲಿ 4 ಡಿಗ್ರಿಯಲ್ಲಿ 10,000 ಜಿ (ಗುರುತ್ವದ 10,000 ಪಟ್ಟು) ಬಲದಲ್ಲಿ 10 ನಿಮಿಷ ತಿರುಗಿಸಿ ತಿಳಿ ತೆಗೆಯಿರಿ. 100 ಡಿಗ್ರಿಯಲ್ಲಿ 5 ನಿಮಿಷ ಕಾಯಿಸಿ ಮತ್ತೆ ತಿರುಗಿಸಿದರೆ ದೊಡ್ಡ ಪ್ರೋಟೀನುಗಳು ಗಟ್ಟಿಕಟ್ಟಿ ತಳಕ್ಕಿಳಿಯುತ್ತವೆ, ಪೆಪ್ಟೈಡ್ ಮೇಲೇ ಉಳಿಯುತ್ತದೆ. ಆದರೆ ಆಮ್ಲದಲ್ಲಿ ಲೈಸೋಜೈಮ್ ಕೂಡ ಕುದಿಯನ್ನು ತಡೆದುಕೊಳ್ಳಬಲ್ಲದು. ಅದರ ತೂಕ ಸುಮಾರು 14 ಕಿಲೋಡಾಲ್ಟನ್ ಇರುವುದರಿಂದ 10 ಕಿಲೋಡಾಲ್ಟನ್ ಸೋಸುಪೊರೆ ಅದನ್ನು ಬಹುಪಾಲು ತಡೆಯುತ್ತದೆ. ಧನಾವೇಶದ ಪೆಪ್ಟೈಡ್ ಪೊರೆಗೂ ಅಂಟುವುದರಿಂದ ಮೊದಲು ಪೊರೆಯನ್ನು ಆಮ್ಲದಲ್ಲಿ ನೆನೆಸಿ. ಸೋಸಿದ್ದನ್ನು ಫ್ರೀಜ್ ಡ್ರೈ ಮಾಡಿ 50 ಮೈಕ್ರೋಲೀಟರ್ ನೀರಿನಲ್ಲಿ ಕರಗಿಸಿ.

ತಟ್ಟೆಗೆ ಸಾಮಾನ್ಯ ಅಗರ್ ಬೇಡ. ಅದರ ಸಲ್ಫೇಟ್ ಗುಂಪುಗಳು ಪೆಪ್ಟೈಡನ್ನು ಹಿಡಿದುಕೊಳ್ಳುತ್ತವೆ. ಉಪ್ಪು ಹಾಕದ ಎಲ್‌ಬಿಯಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ) 1% ಲೋ-ಇಇಒ (ಆವೇಶದ ಗುಂಪುಗಳು ಕಡಿಮೆಯಿರುವ) ಅಗರೋಸ್ ಕರಗಿಸಿ, 45 ಡಿಗ್ರಿಗೆ ಇಳಿದ ಮೇಲೆ ಏರು ಬೆಳವಣಿಗೆಯಲ್ಲಿರುವ ಬ್ಯಾಕ್ಟೀರಿಯಾವನ್ನು ಮಿಲಿಲೀಟರಿಗೆ ಒಂದು ಲಕ್ಷ ಕೋಶದಂತೆ ಬೆರೆಸಿ, 9 ಸೆಂಟಿಮೀಟರ್ ತಟ್ಟೆಗೆ 6 ಮಿಲಿಲೀಟರ್ ಸುರಿಯಿರಿ. ಪದರ ಹೆಚ್ಚುಕಡಿಮೆ 1 ಮಿಲಿಮೀಟರ್ ದಪ್ಪವಾಗುತ್ತದೆ. ದಪ್ಪ ಅಥವಾ ಕೋಶಸಂಖ್ಯೆ ಹೆಚ್ಚಾದರೆ ವಲಯ ಕುಗ್ಗುತ್ತದೆ. 3 ಮಿಲಿಮೀಟರ್ ಬಾವಿಗಳಿಗೆ 3 ಮೈಕ್ರೋಲೀಟರಿನಂತೆ ತುಂಬಿ, ಇ. ಕೋಲಿ ತಟ್ಟೆಯನ್ನು 37ರಲ್ಲಿ, ಮೈಕ್ರೊಕಾಕಸ್ ತಟ್ಟೆಯನ್ನು 30 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ.

ಅದೇ ತಟ್ಟೆಯಲ್ಲಿ ಹುಳುವಿಲ್ಲದೆ ಎಲ್ಲ ಹಂತ ದಾಟಿಸಿದ ಆಮ್ಲಕ್ಕೊಂದು ಬಾವಿ, ಹೋಲಿಕೆಗೆ ಸೆಕ್ರೋಪಿನ್ (ಬ್ಯಾಕ್ಟೀರಿಯಾ ಕೊಲ್ಲುವುದೆಂದು ಗೊತ್ತಿರುವ ಕೀಟ ಪೆಪ್ಟೈಡ್) ಹಾಕಿದ್ದೊಂದು ಬಾವಿ ಇರಲಿ. ಮಾದರಿಯ ಒಂದು ಪಾಲನ್ನು ಪಿಎಚ್ 8ಕ್ಕೆ ತಂದು, ಪ್ರೋಟಿನೇಸ್ ಕೆ (ಪ್ರೋಟೀನ್ ಕತ್ತರಿಸುವ ಕಿಣ್ವ) ಸೇರಿಸಿ 37 ಡಿಗ್ರಿಯಲ್ಲಿ 2 ಗಂಟೆ ಇಟ್ಟು, 95 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ ಹಾಕಿ. ಪಕ್ಕದಲ್ಲಿ ಬರೀ ಕಿಣ್ವದ ಬಾವಿ. ವಲಯ ಪೆಪ್ಟೈಡಿನದಾದರೆ ಕಿಣ್ವ ಸೇರಿಸಿದ ಪಾಲಿನಲ್ಲಿ ಅದು ಅಳಿಯಬೇಕು. ಮೂರು ಡೈಸಲ್ಫೈಡ್ ಸೇತುವೆಗಳಿರುವ (ಗಂಧಕದ ಬಂಧಗಳಿಂದ ಬಿಗಿದ) ಡಿಫೆನ್ಸಿನ್ ಬೇಗ ಮುರಿಯದಿರಬಹುದು, ವಲಯ ಬರೀ ಕುಗ್ಗಿದ್ದರೆ ಇನ್ನಷ್ಟು ಹೊತ್ತು ಕೊಡಿ.

ಮಾದರಿಯನ್ನು ಎರಡರಷ್ಟು ತೆಳುಗೊಳಿಸುತ್ತ ಹೋಗಿ ವಲಯಗಳನ್ನು ಅಳೆಯಿರಿ. ವ್ಯಾಸದ ವರ್ಗವನ್ನು ಸಾಂದ್ರತೆಯ ಲಾಗರಿದಮ್ ಎದುರು ಗುರುತಿಸಿದಾಗ ನೇರ ಗೆರೆ ಬರಬೇಕು. ಬಾಗಿದರೆ ಬಾವಿ ಉಕ್ಕಿದೆ, ಇಲ್ಲವೇ ಪದರ ಸಮನಾಗಿಲ್ಲ. ಅಳತೆ ಮುಗಿದ ತಟ್ಟೆಗಳನ್ನು 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿಯೇ ಎಸೆಯಿರಿ.