ಅಥಣಿಯ ರಿಪೋರ್ಟು ಮಿರಜಕ್ಕೆ: ಯಾರು ನೋಡಬೇಕೆಂದು ನೀವೇ ಹೇಳಿ

ಅಥಣಿ, ಕಾಗವಾಡ ಕಡೆಯವರಿಗೆ ಬೆಳಗಾವಿಗಿಂತ ಮಿರಜ, ಸಾಂಗಲಿಯ ದವಾಖಾನೆಗಳೇ ಹತ್ತಿರ. ಹೊರಡುವ ಮುನ್ನಾದಿನ ರಿಪೋರ್ಟುಗಳ ಫೋಟೊ ತೆಗೆದು ಅಳಿಯನ ವಾಟ್ಸ್‌ಆ್ಯಪಿಗೆ ಹಾಕುತ್ತಾರೆ, ಅವನು ಅಲ್ಲಿನ ಪರಿಚಯದವರಿಗೆ ದಾಟಿಸುತ್ತಾನೆ. ಡಾಕ್ಟರು ನೋಡುವಷ್ಟರಲ್ಲಿ ಬೀಗರೂ ನೋಡಿ ಮುಗಿಸಿರುತ್ತಾರೆ. ಅದು ಗರ್ಭಪಾತದ್ದೋ ಮಾನಸಿಕ ಚಿಕಿತ್ಸೆಯದೋ ಆಗಿದ್ದರೆ ಯಾರ ಬಾಯಿ ಕಟ್ಟುತ್ತೀರಿ?

ಇದನ್ನು ತಪ್ಪಿಸಲು ಆಭಾ ಇದೆ; ದವಾಖಾನೆಗಳ ದಾಖಲೆಗಳನ್ನು ಒಂದೇ ಸಂಖ್ಯೆಗೆ ಜೋಡಿಸುವ ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ ಅದು. ಮೊದಲ ಕೆಲಸ, ಅದರ ಮೊಬೈಲ್ ನಂಬರ್ ನೋಡಿಕೊಳ್ಳುವುದು. 'ಅಕ್ಕಾರ, ಓಟಿಪಿ ಹೇಳ್ರಿ' ಎಂದ ಕೂಡಲೇ ಹೇಳಿ 14 ಅಂಕಿಯ ಆಭಾ ಸಂಖ್ಯೆ ಮಾಡಿಸಿಕೊಂಡವರು ನಮ್ಮಲ್ಲಿ ಬಹಳ. ಅದಕ್ಕೆ ಜೋಡಿಸಿದ ನಂಬರ್ ಯಾರದು? ಮನೆಮಂದಿಗೆಲ್ಲ ಮಗನ ನಂಬರನ್ನೇ ಕೊಟ್ಟಿದ್ದರೆ ಎಲ್ಲರ ಓಟಿಪಿಯೂ ಅವನಿಗೇ ಹೋಗುತ್ತದೆ. ತಾಯಿಗೆ ಇದರಿಂದ ಅನುಕೂಲವೇ ಇರಬಹುದು. ಸೊಸೆಗೆ ಹಾಗಲ್ಲ. ಆಭಾ ಪ್ರೊಫೈಲಿನಲ್ಲಿ ನಂಬರ್ ಬದಲಿಸಲು ಅವಕಾಶವಿದೆ. ಬದಲಿಸಿ, ಆಭಾ ಆ್ಯಪನ್ನು ಸ್ವಂತ ಫೋನಿಗೆ ಹಾಕಿಕೊಳ್ಳಿ.

ಎರಡನೆಯದು ಒಪ್ಪಿಗೆ. ಹೊಸ ದವಾಖಾನೆ ಆಭಾ ವ್ಯವಸ್ಥೆಗೆ ಸೇರಿದ್ದರೆ ಹಳೆಯ ದಾಖಲೆ ನೋಡಲು ಕೋರಿಕೆ ಕಳಿಸುತ್ತದೆ, ಅದು ನಿಮ್ಮ ಆ್ಯಪಿನಲ್ಲಿ ಕಾಣಿಸುತ್ತದೆ. ಕೌಂಟರಿನಲ್ಲಿ ಹಿಂದಿನವರು ತಳ್ಳುತ್ತಿದ್ದರೂ ಇಲ್ಲಿ ಅವಸರ ಬೇಡ. ಕೇಳುತ್ತಿರುವವರು ಯಾರು, ಏತಕ್ಕೆ, ಔಷಧ ಚೀಟಿಯೋ ಲ್ಯಾಬ್ ವರದಿಯೋ ಡಿಸ್ಚಾರ್ಜ್ ಕಾಗದವೋ, ಯಾವ ದಿನಾಂಕದಿಂದ ಯಾವ ದಿನಾಂಕದ್ದು, ಒಪ್ಪಿಗೆ ಎಂದಿಗೆ ಮುಗಿಯುತ್ತದೆ ಎಲ್ಲ ಅಲ್ಲೇ ಇರುತ್ತದೆ, ತಿದ್ದಲೂ ಬರುತ್ತದೆ. ಮೊಣಕಾಲು ನೋಡುವ ಡಾಕ್ಟರಿಗೆ ಹಳೆಯ ಹೆರಿಗೆಯ ಕಾಗದ ಬೇಕಿಲ್ಲ, ದಿನಾಂಕ ಮೊಟಕುಗೊಳಿಸಿ. ಆದರೆ ಆಪರೇಷನ್ ಇದ್ದರೆ ರಕ್ತ ತೆಳುವಾಗಿಸುವ ಗುಳಿಗೆ, ಅಲರ್ಜಿ, ಸಕ್ಕರೆ ಕಾಯಿಲೆ ಮುಚ್ಚಿಡಬೇಡಿ; ಅದು ಗೋಪ್ಯತೆಯಲ್ಲ, ಹುಚ್ಚುತನ. ಚಿಕಿತ್ಸೆ ಮುಗಿದ ಮೇಲೆ ಒಪ್ಪಿಗೆಯನ್ನು ಹಿಂಪಡೆಯಬಹುದು. ಅಷ್ಟರೊಳಗೆ ನೋಡಿದ್ದನ್ನು ನೋಡಿಲ್ಲವೆನ್ನಿಸಲು ಮಾತ್ರ ಆಗದು.

ಎಷ್ಟೋ ಕ್ಲಿನಿಕ್ಕುಗಳಲ್ಲಿ ಇದಾವುದೂ ಇಲ್ಲ. ಅಲ್ಲಿಗೆ ಕಾಗದದ ಫೈಲನ್ನು ಕೈಯಲ್ಲೇ ಒಯ್ಯಿರಿ, ಸಂಬಂಧಪಟ್ಟ ಹಾಳೆಗಳನ್ನಷ್ಟೇ ಕೊಡಿ. ವಾಟ್ಸ್‌ಆ್ಯಪೇ ಗತಿ ಎಂದಾದರೆ ಡಾಕ್ಟರು ಹೇಳಿದ ನಂಬರಿಗೆ ನೇರವಾಗಿ ಕಳಿಸಿ. ಲ್ಯಾಬಿನ ಫಾರ್ಮಿನಲ್ಲೂ ಕಂಪೌಂಡರನದೋ ನೆರೆಮನೆಯವರದೋ ಅಲ್ಲ, ನಿಮ್ಮದೇ ನಂಬರ್ ಇರಲಿ.

ಇನ್ನು ದವಾಖಾನೆಯಲ್ಲಿ ಉಳಿಯುವ ದಾಖಲೆ. 2002ರ ವೈದ್ಯರ ವೃತ್ತಿನಡತೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಎಚ್‌ಐವಿ ವಿಷಯದಲ್ಲಿ 2017ರ ಕಾಯ್ದೆ ಇನ್ನೂ ಬಿಗಿ: ಕಾನೂನು ಹೇಳಿದ ಕೆಲವು ಸಂದರ್ಭ ಬಿಟ್ಟರೆ, ರೋಗಿಯ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವಂತಿಲ್ಲ. ಫೈಲಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿದ್ದರೆ, ತೆಗೆಸಿ ಎಂದು ಸಿಸ್ಟರ್‌ಗೆ ಹೇಳಲು ಸಂಕೋಚ ಬೇಡ.

ನಿಮ್ಮ ಪರವಾಗಿ ಬೇರೆಯವರು ದಾಖಲೆ ತರುವುದಾದರೆ ಬಾಯಿಮಾತಿಗೆ ಬಿಡದೆ, ಬಿಳಿ ಹಾಳೆಯಲ್ಲಿ ಇಷ್ಟು ಬರೆದು ಸಹಿ ಮಾಡಿ ಕೊಡಿ: 'ನನ್ನ ಇಂಥ ದಿನಾಂಕದ ಚಿಕಿತ್ಸೆಯ ದಾಖಲೆಗಳ ನಕಲನ್ನು ಇಂಥವರ ಕೈಯಲ್ಲಿ ಮಾತ್ರ ಕೊಡಬೇಕು.' ಜೊತೆಗೆ ಅವರ ಗುರುತಿನ ಚೀಟಿಯ ನಕಲು ಇರಲಿ.