ಮಗುವಿನ ಮೊದಲ ತುತ್ತು: ಬಟ್ಟಲಿಗಿಂತ ನೀರು, ಕೈ, ಹೊತ್ತುಗಳ ಮೇಲೆ ಗಮನವಿರಲಿ

ನಮ್ಮ ಮೊದಲ ಮಗುವಿಗೆ ಆರು ತಿಂಗಳು ತುಂಬಿದ್ದು ಜುಲೈ ತಿಂಗಳಲ್ಲಿ, ಮಡಿಕೇರಿಯ ಸುತ್ತ ವಾರಗಟ್ಟಲೆ ಬಿಸಿಲು ಕಾಣದ ದಿನಗಳಲ್ಲಿ. ಅನ್ನಪ್ರಾಶನಕ್ಕೆ ಉಡುಗೊರೆಯಾಗಿ ಬಂದ ಬೆಳ್ಳಿ ಬಟ್ಟಲನ್ನೂ ಚಮಚವನ್ನೂ ನಾನು ಪ್ರತಿ ಹೊತ್ತಿಗೂ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕುದಿಸುತ್ತಿದ್ದೆ. ಆಮೇಲೆ, ಕೈ ಸುಡದಿರಲೆಂದು ಅದೇ ಬಟ್ಟಲನ್ನು ನಲ್ಲಿಯ ಕೆಳಗೆ ಹಿಡಿದು ತಣಿಸುತ್ತಿದ್ದೆ. ಒಲೆಯ ಪಕ್ಕ ನೇತುಹಾಕಿದ್ದ, ಎರಡು ದಿನದಿಂದ ಒಣಗದ ಬಟ್ಟೆಯಿಂದ ಒರೆಸುತ್ತಿದ್ದೆ. ಬೆಳಿಗ್ಗೆ ಮಾಡಿಟ್ಟ ರಾಗಿ ಸರಿಯಲ್ಲಿ ಉಳಿದದ್ದನ್ನು ಮಧ್ಯಾಹ್ನ ಅದೇ ಬಟ್ಟಲಿಗೆ ಹಾಕುತ್ತಿದ್ದೆ. ನಲ್ಲಿಗೆ ಬರುತ್ತಿದ್ದುದು ತೋಟದ ಮೇಲಿನ ತೊರೆಯಿಂದ ಪೈಪಿನಲ್ಲಿ ನೇರವಾಗಿ ಇಳಿದ ನೀರು. ಮಗುವಿಗೆ ಭೇದಿ ಹಿಡಿದಾಗ ಮನೆಗೆ ಬಂದ ಆರೋಗ್ಯ ಸಹಾಯಕಿ ಫಳಫಳ ಹೊಳೆಯುತ್ತಿದ್ದ ಬಟ್ಟಲಿನ ಕಡೆ ನೋಡಲೇ ಇಲ್ಲ. ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಂಡು ಮೂಸಿ, ಮಾತಾಡದೆ ನನ್ನ ಕೈಗೆ ಕೊಟ್ಟರು.

ಮಗುವಿಗೆ ಊಟ ಶುರುಮಾಡುವ ತಾಯಂದಿರ ಆತಂಕ ಬಹುಪಾಲು ಪಾತ್ರೆಯ ಸುತ್ತಲೇ ಸುತ್ತುತ್ತದೆ. ಆದರೆ ಈ ಹಂತದಲ್ಲಿ ಭೇದಿಗೆ ಕಾರಣವಾಗುವುದು ಹೆಚ್ಚಾಗಿ ಕುದಿಸದ ನೀರು, ತೊಳೆಯದ ಕೈ ಮತ್ತು ಮಾಡಿ ಬಹಳ ಹೊತ್ತು ಇಟ್ಟ ಆಹಾರ. ಶ್ರಮವನ್ನು ಅಲ್ಲಿಗೆ ತಿರುಗಿಸುವುದು ಹೇಗೆಂಬುದಷ್ಟೇ ಈ ಬರಹದ ಉದ್ದೇಶ.

ಯಾವುದನ್ನು ಕುದಿಸಬೇಕು, ಯಾವುದನ್ನು ಬೇಡ

ಆರು ತಿಂಗಳು, ಅಂದರೆ 180 ದಿನ, ತುಂಬುವ ತನಕ ಎದೆಹಾಲೊಂದೇ ಸಾಕು, ನೀರೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಬಳಿಕ ಎದೆಹಾಲಿನ ಜೊತೆಗೆ ದಿನಕ್ಕೆ ಎರಡು ಮೂರು ಬಾರಿ, ಒಂದು ಸಲಕ್ಕೆ ಎರಡು ಮೂರು ಚಮಚದಿಂದ ಆರಂಭಿಸಿ ಮೆತ್ತಗಿನ ಆಹಾರ ಕೊಡಬೇಕು. ಈ ವಯಸ್ಸಿನ ಮಗು ನೆಲದ ಮೇಲೆ ಉರುಳಾಡುತ್ತ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತ ಇರುವುದರಿಂದ, ಬಟ್ಟಲೊಂದನ್ನು ಮಾತ್ರ ಪ್ರತಿ ಹೊತ್ತಿಗೂ ಕುದಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಸ್ಟೀಲ್ ಬಟ್ಟಲು, ಚಮಚ, ಲೋಟಗಳನ್ನು ಸೋಪು ಹಚ್ಚಿ ಬಿಸಿನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು, ಕಡೆಯದಾಗಿ ಕುದಿಸಿದ ನೀರಿನಲ್ಲಿ ಜಾಲಿಸಿ, ಬೋರಲು ಹಾಕಿ ತಾನಾಗಿ ಒಣಗಲು ಬಿಟ್ಟರೆ ಸಾಕು. ಮಳೆಗಾಲದಲ್ಲಿ ನಮ್ಮ ಕಡೆ ತಾನಾಗಿ ಏನೂ ಒಣಗುವುದಿಲ್ಲವೆಂಬುದು ಗೊತ್ತಿರುವ ಸಂಗತಿಯೇ. ಆಗ ಉಣಿಸುವ ಮೊದಲು ಬಟ್ಟಲು ಚಮಚಗಳ ಮೇಲೆ ಕುದಿಯುವ ನೀರು ಸುರಿದು, ಕೊಡವಿ, ಹಾಗೆಯೇ ಬಳಸಬೇಕು. ಕುದಿಸಿದ ನೀರಿನ ನಾಲ್ಕು ಹನಿ ಬಟ್ಟಲಿನಲ್ಲಿ ಉಳಿದರೆ ಕೆಡುಕಿಲ್ಲ. ಹಸಿ ಬಟ್ಟೆಯಿಂದ ಒರೆಸಿದರೆ ಕೆಡುಕಿದೆ.

ಹಾಲಿನ ಬಾಟಲಿಯ ವಿಷಯ ಬೇರೆ. ಅದರ ಕತ್ತಿನ ತಿರುಪಿನಲ್ಲಿ, ನಿಪ್ಪಲಿನ ಒಳಮೈಯಲ್ಲಿ ಹಾಲಿನ ಜಿಡ್ಡು ಅಂಟಿಕೊಂಡು ಉಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬಾಟಲಿ ಬಳಸಲೇಬೇಕಾದ ಮನೆಗಳಲ್ಲಿ ಮಗುವಿಗೆ ಒಂದು ವರ್ಷ ತುಂಬುವವರೆಗೂ, ಮೊದಲು ಬ್ರಷ್ಷಿನಿಂದ ಉಜ್ಜಿ ತೊಳೆದು, ಆಮೇಲೆ ಬಿಡಿಭಾಗಗಳೆಲ್ಲ ನೀರಿನಲ್ಲಿ ಪೂರ್ತಿ ಮುಳುಗುವಂತೆ, ಒಳಗೆ ಗಾಳಿಗುಳ್ಳೆ ಉಳಿಯದಂತೆ, ಹತ್ತು ನಿಮಿಷ ಕುದಿಸಬೇಕು. ಬಳಸುವವರೆಗೆ ಅದೇ ಪಾತ್ರೆಯಲ್ಲಿ ಮುಚ್ಚಿಡಬೇಕು. ಜಿಡ್ಡು ಉಳಿದಿರುವಾಗ ಕುದಿಸಿದರೆ ಜಿಡ್ಡೂ ಬೇಯುತ್ತದೆಯೇ ಹೊರತು ಹೋಗುವುದಿಲ್ಲ. ಹಾಲು ಕುಡಿಸುವ ಒಳಲೆಗೂ, ಅದರ ಮೂತಿ ಇಕ್ಕಟ್ಟಾಗಿರುವುದರಿಂದ, ಇದೇ ಕ್ರಮ ಸರಿ. ಫೀಡಿಂಗ್ ಬಾಟಲಿಗಳ ಜಾಹೀರಾತನ್ನು 1992ರ ಕಾಯ್ದೆ ನಮ್ಮ ದೇಶದಲ್ಲಿ ನಿಷೇಧಿಸಿದೆ. ಊಟ ಶುರುವಾದ ಮೇಲೆ ಲೋಟದಲ್ಲೇ ಗುಟುಕು ಗುಟುಕಾಗಿ ಕುಡಿಸುವ ಅಭ್ಯಾಸ ಮಾಡಿದರೆ ಈ ಕುದಿಸುವ ಕೆಲಸವೇ ತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಯಾರೂ ಗಮನಿಸದ ವಸ್ತುವೆಂದರೆ ಮಿಕ್ಸಿಯ ಜಾರ್. ಮುಚ್ಚಳದ ರಬ್ಬರ್ ಉಂಗುರವನ್ನು ಚಮಚದ ಹಿಡಿಯಿಂದ ಎಬ್ಬಿಸಿ ನೋಡಿ. ಮೊನ್ನೆ ಅರೆದ ಚಟ್ನಿಯ ಕಪ್ಪು ಪಟ್ಟಿ ಅಲ್ಲಿರುತ್ತದೆ. ಬೇಯಿಸಿದ ತರಕಾರಿಯನ್ನು ಅದರಲ್ಲಿ ಅರೆದು ಮಗುವಿಗೆ ಕೊಡುವುದಕ್ಕಿಂತ ಚಮಚದ ಬೆನ್ನಿನಲ್ಲಿ ಕಿವುಚುವುದು ಸುರಕ್ಷಿತ, ಮಗುವಿಗೆ ಅಗಿಯುವ ಅಭ್ಯಾಸವೂ ಆಗುತ್ತದೆ.

ನೀರು

ಕೊಡಗಿನ ಬಹಳಷ್ಟು ಮನೆಗಳಿಗೆ, ತೋಟದ ಕಾರ್ಮಿಕರು ಸಾಲಾಗಿ ವಾಸಿಸುವ ಲೈನ್ ಮನೆಗಳಿಗಂತೂ, ನೀರು ಬರುವುದು ತೆರೆದ ಬಾವಿಯಿಂದ, ಕೆರೆಯಿಂದ ಅಥವಾ ಗುಡ್ಡದ ತೊರೆಗೆ ಸಿಕ್ಕಿಸಿದ ಪೈಪಿನಿಂದ. ಬೇಸಿಗೆಯಲ್ಲಿ ಕನ್ನಡಿಯಂತಿರುವ ಈ ನೀರು ಜೂನ್ ಮಳೆ ಹಿಡಿದೊಡನೆ ದನಗಳು ತಿರುಗಾಡಿದ ನೆಲವನ್ನೂ ಶೌಚಗುಂಡಿಯ ಸುತ್ತಲಿನ ಮಣ್ಣನ್ನೂ ತೊಳೆದುಕೊಂಡು ಬರುತ್ತದೆ. ತಿಳಿಯಾಗಿರುವುದೆಂದರೆ ಶುದ್ಧವೆಂದಲ್ಲ, ಕದಡಿದ್ದರಂತೂ ಮೊದಲು ಪಾತ್ರೆಯಲ್ಲಿ ಬಿಟ್ಟು ಮಣ್ಣು ತಳಕ್ಕಿಳಿಯಲು ಕಾದು, ಮೇಲಿನ ನೀರನ್ನು ನಾಲ್ಕು ಮಡಿಕೆಯ ಒಗೆದ ಹತ್ತಿಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಬೇಕು.

ಎಷ್ಟು ಹೊತ್ತು ಕುದಿಸಬೇಕೆಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ನೀರು ಕೊತಕೊತನೆ ಉಕ್ಕತೊಡಗಿದ ಮೇಲೆ ಒಂದು ನಿಮಿಷ ಕುದಿಸಿದರೆ ರೋಗ ತರುವ ಬ್ಯಾಕ್ಟೀರಿಯಾ, ವೈರಸ್ ಮತ್ತು ಅಮೀಬಾಗಳು ಸಾಯುತ್ತವೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100 ಡಿಗ್ರಿಗಲ್ಲ, ಹೆಚ್ಚುಕಡಿಮೆ 96 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಇದರಿಂದ ಬೇಳೆ ಬೇಯುವುದು ತಡವಾಗಬಹುದು, ಆದರೆ ರೋಗಾಣುಗಳನ್ನು ಕೊಲ್ಲಲು ಆ ಬಿಸಿ ಧಾರಾಳ ಸಾಕು. ಮೂರು ನಿಮಿಷ ಕುದಿಸಬೇಕೆನ್ನುವ ನಿಯಮ ಅನ್ವಯಿಸುವುದು ಸುಮಾರು 2,000 ಮೀಟರಿಗಿಂತ ಎತ್ತರದ ಊರುಗಳಿಗೆ. ಕುದಿಸಿದ ನೀರನ್ನು ಅದೇ ಪಾತ್ರೆಯಲ್ಲಿ ಮುಚ್ಚಿ ತಣಿಸಿ, ಲೋಟ ಮುಳುಗಿಸದೆ ಹಿಡಿಯಿರುವ ಸೌಟಿನಿಂದ ತೆಗೆದುಕೊಂಡು, ಆ ದಿನವೇ ಮುಗಿಸಬೇಕು.

ಬಚ್ಚಲ ಹಂಡೆಯ ನೀರನ್ನು ಮಾತ್ರ ಮಗುವಿನ ಅಡುಗೆಗೆ ಬಳಸಬಾರದು. ಬೆಂಕಿ ಸದಾ ಉರಿಯುತ್ತಿರುವುದರಿಂದ ಅದು ಕುದಿಸಿದ ನೀರೇ ಎಂದು ಹಿರಿಯರು ಹೇಳುವುದುಂಟು. ಆದರೆ ಹಂಡೆಯಲ್ಲಿ ಬಿಸಿ ನೀರು ಖಾಲಿಯಾದಂತೆಲ್ಲ ತಣ್ಣೀರು ಸುರಿಯುತ್ತಿರುತ್ತೇವೆ. ಅದು ಬಿಸಿಯಾಗುತ್ತದೆ, ಕುದಿಯುವುದಿಲ್ಲ. ಕರೆಂಟಿನಿಂದ ನಡೆಯುವ, ನೇರಳಾತೀತ ಬೆಳಕಿನಿಂದ ರೋಗಾಣುಗಳನ್ನು ಕೊಲ್ಲುವ ಯುವಿ ಫಿಲ್ಟರನ್ನು ನಂಬಿದವರೂ ಮಳೆಗಾಲದಲ್ಲಿ ಒಲೆಗೆ ಮರಳುವುದು ಮೇಲು, ಏಕೆಂದರೆ ಕದಡಿದ ನೀರಿನಲ್ಲಿ ಆ ಬೆಳಕು ಸರಿಯಾಗಿ ತೂರುವುದಿಲ್ಲ, ಕರೆಂಟ್ ಹೋದರೆ ದಿನಗಟ್ಟಲೆ ಬರುವುದೂ ಇಲ್ಲ.

ಸರಿಯ ಹಿಟ್ಟು

ನಿಜವಾದ ಎಚ್ಚರ ಬೇಕಾದದ್ದು ಇಲ್ಲಿ. ರಾಗಿಯನ್ನು ತೊಳೆದು, ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುವುದು ಒಳ್ಳೆಯ ಪದ್ಧತಿಯೇ; ಆದರೆ ಮೊಳಕೆಗೆ ಬೇಕಾದ ತೇವವೇ ಬೂಷ್ಟಿಗೂ ಬೇಕು. ಕೊಡಗಿನ ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮಳೆಯಲ್ಲಿ ಮೊಳಕೆ ರಾಗಿಯನ್ನು ಒಳಮನೆಯ ಚಾಪೆಯ ಮೇಲೆ ಹರಡಿದರೆ ಮೂರು ದಿನವಾದರೂ ಅದು ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಕೆಲವು ಬೂಷ್ಟುಗಳು ಉಂಟುಮಾಡುವ ವಿಷ ಅಡುಗೆಯ ಬಿಸಿಗೆ ನಾಶವಾಗುವುದಿಲ್ಲ; ಹುರಿದರೆ ವಾಸನೆ ಹೋಗಬಹುದು, ವಿಷ ಹೋಗದು. ಹೀಗಾಗಿ ಮುಗ್ಗಿದ ಧಾನ್ಯವನ್ನು ಅಕ್ಕರೆಯಿಂದ ಆರಿಸಿ ತೊಳೆದು ಉಳಿಸಿಕೊಳ್ಳಲು ಹೋಗಬಾರದು.

ಬಿಸಿಲಿರುವ ಏಪ್ರಿಲ್, ಮೇ ತಿಂಗಳಲ್ಲೇ ಮೊಳಕೆ ಕಟ್ಟಿ ಒಣಗಿಸಿ, ಕಾಳನ್ನು ಹುರಿದು ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು, ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ಬೀಸಿಕೊಳ್ಳುವುದು ಜಾಣತನ. ಮಳೆಗಾಲದಲ್ಲೇ ಶುರುಮಾಡಬೇಕಾಗಿ ಬಂದರೆ ಮೊಳಕೆಯ ಗೊಡವೆಯೇ ಬೇಡ. ರಾಗಿಯನ್ನು ತೊಳೆದು, ನೀರು ಬಸಿದು, ಆಗಲೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಪೂರ್ತಿ ಒಣಗುವಂತೆ ಹುರಿದರೆ ಮುಗಿಯಿತು. ಅಕ್ಕಿ, ಹೆಸರುಬೇಳೆಗೂ ಇದೇ ಮಾತು. ಹಿಟ್ಟಿನ ಡಬ್ಬಿಗೆ ಒದ್ದೆ ಚಮಚ ಹಾಕಬಾರದು, ಕುದಿಯುವ ಪಾತ್ರೆಯ ಆವಿ ತಾಗುವಂತೆ ಡಬ್ಬಿ ತೆರೆದಿಡಲೂಬಾರದು. ಅಂಗನವಾಡಿಯಿಂದ ಆರು ತಿಂಗಳ ನಂತರ ಮನೆಗೆ ಕೊಡುವ ಪುಡಿಯನ್ನೂ ಪೊಟ್ಟಣ ಒಡೆದ ದಿನವೇ ಡಬ್ಬಿಗೆ ಸುರಿದುಕೊಳ್ಳುವುದು ಒಳ್ಳೆಯದು.

ಹಿಟ್ಟಿನ ಗೋಜೇ ಬೇಡವೆನ್ನುವವರಿಗೆ ನೇಂದ್ರ ಬಾಳೆಯಿದೆ. ಸಿಪ್ಪೆಸಹಿತ ತೊಳೆದು, ಆವಿಯಲ್ಲಿ ಬೇಯಿಸಿ, ಮಗುವಿನ ಮುಂದೆಯೇ ಸುಲಿದು ನಡುವಿನ ನಾರು ಬೀಜ ತೆಗೆದು ಕಿವುಚಿದರೆ, ಅಷ್ಟು ಶುದ್ಧವಾದ ಊಟ ಇನ್ನೊಂದಿಲ್ಲ.

ಹೊತ್ತು ಮತ್ತು ಕೈ

ಬೇಯಿಸಿದ ಆಹಾರ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವಿನ ಹದದಲ್ಲಿ ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವೆ. ‘ನಮ್ಮಲ್ಲಿ ಚಳಿಯಲ್ಲವೇ, ಕೆಡುವುದಿಲ್ಲ’ ಎಂಬ ಮಾತನ್ನು ಕೊಡಗಿನಲ್ಲಿ ಎಲ್ಲರ ಮನೆಯಲ್ಲೂ ಕೇಳಬಹುದು. ಹೊರಗೆ ಚಳಿಯಿದ್ದರೂ ಒಲೆಯ ಪಕ್ಕದ ಕಟ್ಟೆ ಬೆಚ್ಚಗೇ ಇರುತ್ತದೆ, ಸರಿಯ ಪಾತ್ರೆ ಕೂರುವುದೂ ಅಲ್ಲಿಯೇ. ಅಕ್ಕಿಯ ಗಂಜಿಯಲ್ಲಂತೂ ಬೇಯಿಸಿದರೂ ಸಾಯದ ಬೀಜಕಣಗಳು ಉಳಿದು, ಉಗುರುಬೆಚ್ಚಗಿನ ಹದದಲ್ಲಿ ಮತ್ತೆ ಚಿಗುರಿ ವಾಂತಿ ತರುವ ವಿಷ ಬಿಡಬಲ್ಲವು. ಆ ವಿಷ ಮತ್ತೆ ಬಿಸಿಮಾಡಿದರೆ ಹೋಗುವುದಿಲ್ಲ. ಆದ್ದರಿಂದ ಒಂದು ಹೊತ್ತಿಗೆ ಎಷ್ಟು ಬೇಕೋ ಅಷ್ಟೇ ಮಾಡಬೇಕು, ಎರಡು ಗಂಟೆಯೊಳಗೆ ಉಣಿಸಬೇಕು. ಎಂಜಲು ಚಮಚ ಮುಳುಗಿಸಿದ ಬಟ್ಟಲಿನಲ್ಲಿ ಉಳಿದದ್ದನ್ನು ಇನ್ನೊಂದು ಹೊತ್ತಿಗೆ ಇಡಲೇಬಾರದು. ಫ್ರಿಜ್ಜಿನಲ್ಲಿ ಇಡುವವರು, ಕರೆಂಟ್ ಹೋದ ಮೇಲೆ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ಮಾತ್ರ ಒಳಗಿನ ತಂಪು ಉಳಿಯುತ್ತದೆಂಬುದನ್ನು ನೆನಪಿಡಬೇಕು.

ಕೈಯನ್ನು ಸೋಪು ಹಚ್ಚಿ, ಉಗುರಿನ ಸಂದಿ ಸೇರಿ, ಇಪ್ಪತ್ತು ಸೆಕೆಂಡು ಉಜ್ಜಿ ತೊಳೆಯಬೇಕು: ಅಡುಗೆಗೆ ಮುನ್ನ, ಉಣಿಸುವ ಮುನ್ನ, ಕೊಟ್ಟಿಗೆಯಿಂದಲೋ ಕೋಳಿಗೂಡಿನಿಂದಲೋ ಬಂದ ಮೇಲೆ, ಹಸಿ ಮಾಂಸ ಮುಟ್ಟಿದ ಮೇಲೆ, ಮಗುವಿನ ಮಲ ತೊಳೆದ ಮೇಲೆ. ಹಾಲುಕುಡಿಯುವ ಮಗುವಿನ ಮಲಕ್ಕೆ ಹೇಸಿಗೆಯಿಲ್ಲ ಎಂಬ ಅಕ್ಕರೆಯ ಮಾತಿದೆ. ರೋಗಾಣುಗಳ ಮಟ್ಟಿಗೆ ಅದು ದೊಡ್ಡವರ ಮಲದಷ್ಟೇ ಅಪಾಯಕಾರಿ. ಮಗು ತಾನೇ ಕೈಯದ್ದಿ ತಿನ್ನುವುದರಿಂದ ಅದರ ಕೈಯನ್ನೂ ತೊಳೆಯಬೇಕು. ಅಜ್ಜಿ ತುತ್ತನ್ನು ತಾನು ಅಗಿದು ಕೊಡುವುದನ್ನು ತಪ್ಪಿಸಲು ಜಗಳ ಬೇಕಿಲ್ಲ. ‘ಅತ್ತೆ, ಕಿವುಚಿಟ್ಟಿದ್ದೇನೆ, ನೀವೇ ಉಣಿಸಿ’ ಎಂದು ಬಟ್ಟಲನ್ನು ಅವರ ಕೈಗೇ ಕೊಟ್ಟರೆ ಸಾಕು.

ಜೇನು ಮತ್ತು ತೀರ್ಥ

ಕೊಡಗಿನ ಜೇನಿನ ಬಗ್ಗೆ ನಮಗಿರುವ ಹೆಮ್ಮೆ ಸಹಜವೇ. ಹಾಗಿದ್ದರೂ ವರ್ಷ ತುಂಬದ ಮಗುವಿಗೆ ಜೇನನ್ನು ನಾಲಿಗೆಗೆ ಸವರಲೂ ಬಾರದು. ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಅದರಲ್ಲಿರಬಹುದು. ದೊಡ್ಡವರ ಕರುಳಿನಲ್ಲಿ ಅವು ಬೆಳೆಯವು, ಕೂಸಿನ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುವ ವಿಷ ಬಿಡುತ್ತವೆ. ಕುದಿಸಿದರೂ ಆ ಕಣಗಳು ಸಾಯುವುದಿಲ್ಲ, ಪರಿಚಯದವರ ಪೆಟ್ಟಿಗೆಯ ಶುದ್ಧ ಜೇನೆಂದರೂ ವ್ಯತ್ಯಾಸವಿಲ್ಲ. ಕಕ್ಕಡ ಹದಿನೆಂಟರಂದು, ಮದ್ದು ಸೊಪ್ಪಿನ ರಸದಲ್ಲಿ ಮಾಡುವ ಮದ್ದ್ ಪುಟ್ಟಿನ ಜೊತೆ ಜೇನಿನ ಬಟ್ಟಲು ಮನೆತುಂಬ ಓಡಾಡುವಾಗ ಇದನ್ನು ಮೊದಲೇ ಎಲ್ಲರಿಗೂ ಹೇಳಿಟ್ಟಿರುವುದು ಒಳ್ಳೆಯದು. ತುಲಾ ಸಂಕ್ರಮಣದಲ್ಲಿ ತಲಕಾವೇರಿಯಿಂದ ತಂದು ಬಾಟಲಿಯಲ್ಲಿಟ್ಟ ತೀರ್ಥವನ್ನು ಮಗುವಿನ ನೆತ್ತಿಗೆ ಪ್ರೋಕ್ಷಿಸಿದರೆ ಭಕ್ತಿಗೆ ಕೊರತೆಯಿಲ್ಲ, ಬಾಯಿಗೆ ಹಾಕುವುದನ್ನು ಮಾತ್ರ ಮುಂದಕ್ಕೆ ಹಾಕಬಹುದು.

ಎಷ್ಟು ಎಚ್ಚರವಿದ್ದರೂ ಭೇದಿಯಾದರೆ

ಎದೆಹಾಲನ್ನಾಗಲಿ ಊಟವನ್ನಾಗಲಿ ನಿಲ್ಲಿಸಬಾರದು. ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಕುದಿಸಿ ತಣಿಸಿದ ಒಂದು ಲೀಟರ್ ನೀರಿಗೆ ಪೂರ್ತಿಯಾಗಿ ಕರಗಿಸಿ, ಚಮಚದಲ್ಲಿ ಆಗಾಗ ಕುಡಿಸಬೇಕು. 24 ಗಂಟೆ ಕಳೆದದ್ದನ್ನು ಚೆಲ್ಲಿ ಹೊಸದು ಮಾಡಬೇಕು. ಆಶಾ ಕಾರ್ಯಕರ್ತೆಯರ ಬಳಿ ಪೊಟ್ಟಣ ಸಿಗುತ್ತದೆ, ಜೊತೆಗೆ 14 ದಿನ ಕೊಡಬೇಕಾದ ಸತುವಿನ ಮಾತ್ರೆಯೂ. ಮಲದಲ್ಲಿ ರಕ್ತ ಕಂಡರೆ, ಮಗು ಕುಡಿಯಲಾರದೆ ಮಂಕಾದರೆ, ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಕುಡಿಸಿದ್ದೆಲ್ಲ ವಾಂತಿಯಾದರೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಮರ ಬಿದ್ದು ರಸ್ತೆ ಮುಚ್ಚುವ ಮಳೆಗಾಲದಲ್ಲಿ, ‘ಬೆಳಗಾಗಲಿ ನೋಡೋಣ’ ಎನ್ನದೆ ಹಗಲು ಬೆಳಕಿರುವಾಗಲೇ ಹೊರಡಬೇಕು, ದಾರಿಯುದ್ದಕ್ಕೂ ಕುಡಿಸಲು ಓಆರ್‌ಎಸ್ ನೀರನ್ನು ತೊಳೆದ ಬಾಟಲಿಯಲ್ಲಿ ತುಂಬಿಸಿಕೊಂಡಿರಬೇಕು.